ಗಂಟಿನ ಮರವೆಲ್ಲ ಅಕ್ಕನಿಗೆ

ಎದುರಿಗೆ ಸಿಕ್ಕಾಗ ಎಲ್ಲರೂ ಅವಳನ್ನು ಬಿಲ್ಲಿನಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಪತ್ತೇದಾರಕ್ಕ. ಎರಡನೆಯ ಹೆಸರು ಅವಳಿಗೆ ಗೊತ್ತಿಲ್ಲವೆಂದು ಬೀದಿಯವರು ನಂಬಿದ್ದರು. ಆದರೆ ಅದನ್ನು ಮೊದಲು ಇಟ್ಟವರು ಯಾರು, ಯಾವ ಅಂಗಡಿಯ ಕಟ್ಟೆಯ ಮೇಲೆ ಕೂತು ಇಟ್ಟರು, ಆಗ ಯಾರು ಯಾರು ನಕ್ಕರು ಎಂಬುದನ್ನೆಲ್ಲ ಅವಳು ಎಂದೋ ಪತ್ತೆ ಮಾಡಿಯಾಗಿತ್ತು.

ತರಕಾರಿಯವನು ತಕ್ಕಡಿ ಎತ್ತಿದರೆ ಅವಳು ಮುಳ್ಳು ನೋಡುತ್ತಿರಲಿಲ್ಲ, ಅವನ ಕಿರುಬೆರಳು ನೋಡುತ್ತಿದ್ದಳು. ಡಾಕ್ಟರು ಏನೂ ತೊಂದರೆಯಿಲ್ಲ ಎಂದು ಕಳಿಸಿದರೆ ಮನೆಗೆ ಬಂದು, "ಏನೋ ಮುಚ್ಚಿಡ್ತಿದಾನೆ" ಎನ್ನುತ್ತಿದ್ದಳು. ಯಾರಾದರೂ ದಾರಿಯಲ್ಲಿ ನಿಲ್ಲಿಸಿ ಚೆನ್ನಾಗಿದ್ದೀರಾ ಎಂದು ಕೇಳಿದರೆ ಮುಗಿಯಿತು, ಇವರಿಗೆ ನನ್ನಿಂದ ಏನು ಬೇಕಾಗಿದೆ ಎಂದು ಆ ದಿನವೆಲ್ಲ ತಲೆಗೆ ಹುಳ ಬಿಟ್ಟುಕೊಳ್ಳುತ್ತಿದ್ದಳು.

ಅವಳ ಮದುವೆಯೂ ಈ ಗುಣಕ್ಕೇ ಬಲಿಯಾಯಿತು. ಗಂಡ ಲಾರಿ ಓಡಿಸುತ್ತಿದ್ದ ಒಳ್ಳೆಯ ಮನುಷ್ಯ. ಊಟಕ್ಕೆ ಕೂತಾಗ ಒಮ್ಮೊಮ್ಮೆ ತನ್ನಷ್ಟಕ್ಕೆ ನಗುತ್ತಿದ್ದ. ಯಾಕೆ ನಕ್ಕೆ ಎಂದರೆ, "ಏನಿಲ್ಲ ಬಿಡು" ಎನ್ನುತ್ತಿದ್ದ. ಆ ಏನಿಲ್ಲದ ಒಳಗೆ ಏನಿದೆ ಎಂದು ಅವಳು ಅವನ ಜೇಬು, ಚೀಲ, ಲಾರಿಯ ಸೀಟಿನ ಅಡಿ ಎಲ್ಲ ತಡಕಾಡಿದಳು. ನಿಜಕ್ಕೂ ಏನೂ ಇರಲಿಲ್ಲ. ಏನೂ ಇಲ್ಲವೆಂಬುದನ್ನೇ ನಂಬಲಾಗದೆ ಒಂದು ದಿನ ಪೆಟ್ಟಿಗೆ ಎತ್ತಿಕೊಂಡು ತೌರಿಗೆ ಬಂದುಬಿಟ್ಟಳು. ಅವನು ಈಗಲೂ ಎಲ್ಲೋ ಲಾರಿ ಓಡಿಸುತ್ತ, ಸುಮ್ಮನೆ ನಗುತ್ತ ಇದ್ದಾನು.

ಇಂಥ ಗುಣಕ್ಕೆ ಮರ್ಯಾದೆ ಸಿಗುವ ಜಾಗ ಜಗತ್ತಿನಲ್ಲಿ ಒಂದೇ ಇತ್ತು. ಅದು ಅವಳಪ್ಪನ ಕೆಲಸದ ಕೋಣೆ. ಅಪ್ಪ ಮರದ ಬಿಲ್ಲು ಮಾಡುತ್ತಿದ್ದ. ಪೇಟೆಯಾಚೆಯ ಮೈದಾನದಲ್ಲಿ ಬಿಲ್ಲುಗಾರರ ಕ್ಲಬ್ಬು ಒಂದಿತ್ತು, ಅಲ್ಲಿನವರು ಯಂತ್ರದ ಬಿಲ್ಲಿಗಿಂತ ಇವನದನ್ನೇ ಇಷ್ಟಪಡುತ್ತಿದ್ದರು. ಬಿಲ್ಲಿನ ಬೆನ್ನು, ಅಂದರೆ ಎಳೆಯುವವನಿಗೆ ಆಚೆಯಾಗಿರುವ ಬದಿ, ಮರದ ಒಂದೇ ವರ್ಷದ ಪದರವಾಗಿರಬೇಕು. ಮರ ವರ್ಷಕ್ಕೊಂದು ಪದರ ಬೆಳೆಯುತ್ತದಲ್ಲ, ಸೀಳಿದ ಮರದ ತೊಗಟೆ ತೆಗೆದು, ಮೇಲಿನ ಪದರಗಳನ್ನು ಒಂದೊಂದಾಗಿ ಹೆರೆದು, ಒಂದು ಗಟ್ಟಿ ಪದರಕ್ಕೆ ಬಂದು ನಿಂತುಬಿಡಬೇಕು. ಆ ಪದರ ಈ ತುದಿಯಿಂದ ಆ ತುದಿಯವರೆಗೆ ಅಖಂಡವಾಗಿದ್ದರೆ ಬಿಲ್ಲು. ಕತ್ತಿ ಎಲ್ಲಾದರೂ ಒಂದು ಕೂದಲಷ್ಟು ಆಳಕ್ಕಿಳಿದು ಪದರ ಹರಿಯಿತೋ, ಬಾಗಿದ ದಿನ ಅಲ್ಲಿಂದಲೇ ಚಕ್ಕೆ ಏಳುತ್ತದೆ, ಅದೂ ಎಳೆದವನ ಕೆನ್ನೆಯ ಪಕ್ಕದಲ್ಲಿ.

ಮರವನ್ನು ನಂಬದವಳಿಗೆ ಹೇಳಿ ಮಾಡಿಸಿದ ಕೆಲಸ. ಅಪ್ಪ ಹೋದ ಮೇಲೆ ಕೋಣೆ ಅವಳದಾಯಿತು. ಇಷ್ಟು ವರ್ಷಗಳಲ್ಲಿ ಅವಳು ಮಾಡಿದ ಒಂದು ಬಿಲ್ಲೂ ಯಾರ ಕೈಯಲ್ಲೂ ಮುರಿದಿಲ್ಲ ಎಂಬುದು ಕ್ಲಬ್ಬಿನವರ ಮಾತು. ಅದು ತನ್ನ ಕಿವಿಗೆ ಬೀಳಲೆಂದೇ ಆಡಿದ್ದೇನೋ ಎಂದು ಅವಳಿಗೆ ಅದರ ಮೇಲೂ ಅನುಮಾನವಿತ್ತು, ಆದರೆ ಒಳಗೊಳಗೆ ಹಿಗ್ಗುತ್ತಿದ್ದಳು.

ಮರ ತರುವ ಕೆಲಸ ತಮ್ಮನದು. ಅಮ್ಮ ಬೇಗ ಹೋದದ್ದರಿಂದ ಅವನನ್ನು ಉಣ್ಣಿಸಿ, ತಲೆ ಬಾಚಿ, ಕಿವಿ ಹಿಡಿದು ಶಾಲೆಗೆ ಎಳೆದುಕೊಂಡು ಹೋದವಳು ಅಕ್ಕನೇ. ಈಗ ಅವನ ತಲೆಯಲ್ಲಿ ಬಾಚಲು ಕೂದಲೇ ಇಲ್ಲ. ಕೈಗಾಡಿ ತಳ್ಳಿಕೊಂಡು ಮರದ ಡಿಪೋಗೆ ಹೋಗುತ್ತಾನೆ, ದಿಮ್ಮಿ ಆರಿಸುತ್ತಾನೆ, ಉಳಿ ಬಡಿದು ಉದ್ದಕ್ಕೆ ಸೀಳುತ್ತಾನೆ, ಸೀಳುಗಳ ತುದಿಗೆ ಮೇಣ ಬಳಿದು ಅಟ್ಟದಲ್ಲಿ ಒಣಗಲು ಇಡುತ್ತಾನೆ. ಒಣಗಿದ್ದನ್ನು ಇಳಿಸಿ ಅಕ್ಕನ ಮುಂದಿಡುತ್ತಾನೆ. ಬಿಲ್ಲಾದ ಮೇಲೆ ಗಿರಾಕಿಗೆ ಒಯ್ದು ಕೊಡುವವನೂ ಅವನೇ. ಕೆಲಸದ ಕೋಣೆಯ ಹಿಂದೆ ಅಂಗಳ, ಅಂಗಳದ ಎರಡು ಬದಿಗೆ ಎರಡು ಮಲಗುವ ಕೋಣೆ, ಅಡಿಗೆಮನೆ ಒಂದೇ. ಅಕ್ಕ, ತಮ್ಮ, ತಮ್ಮನ ಹೆಂಡತಿ ಮೂವರೇ ಇರುವ ಮನೆ.

ಈಚೆಗೆ ಅಕ್ಕನ ಮುಂದೆ ಬರುತ್ತಿದ್ದ ಸೀಳುಗಳೆಲ್ಲ ಗಂಟಿನವು.

ಮೊದಲು ಒಂದು ಬಂತು, ಹೋಗಲಿ ಎಂದಳು. ಆಮೇಲೆ ಬಂದದ್ದೂ ಹಾಗೇ. ಈ ಸಲದ್ದಂತೂ ಮರವೋ, ಮರದ ಕಾಯಿಲೆಯೋ ಎಂಬಂತಿತ್ತು. ನಡುವಿಗೆ ಸ್ವಲ್ಪ ಮೇಲೆ ಅಡಿಕೆ ಗಾತ್ರದ ಗಂಟು, ನಡುವಿನ ಕೆಳಗೆ, ಬಿಲ್ಲಿನ ಕೆಳತೋಳಾಗಬೇಕಾದಲ್ಲಿ, ಒಂದು ತಿರುಚು, ತುದಿಯಲ್ಲಿ ಒಣಗುವಾಗ ಬಿಟ್ಟ ಬಿರುಕು.

"ಇದೇನೋ ಇದು? ಮರಾನೋ, ಮೊಸಳೆ ಬಾಲಾನೋ?"

"ಈಗ ಮರ ಬರ್ತಿರೋದೇ ಹಿಂಗೆ ಅಕ್ಕ," ಎಂದ ತಮ್ಮ, ಗೋಡೆ ನೋಡುತ್ತ. "ಡಿಪೋದಲ್ಲಿ ಕೇಳಿ ನೋಡು ಬೇಕಾದ್ರೆ."

ಬೇಕಾದ್ರೆ ಕೇಳಿ ನೋಡು ಎನ್ನುವವನನ್ನು ಅಕ್ಕ ಎಂದೂ ನಂಬಿದವಳಲ್ಲ. ಆದರೂ ಕೆಲಸಕ್ಕೆ ಕೂತಳು.

ಕೂತರೆ ಕೂತಳೇ. ಗಂಟನ್ನು ಕತ್ತರಿಸಿ ಸಮ ಮಾಡುವುದು ಹೆಡ್ಡರ ಕೆಲಸ. ಮರದ ನಾರುಗಳು ಗಂಟಿನ ಬಳಿ ಬಂದು, ಕಲ್ಲಿನ ಎಡಬಲ ಹರಿಯುವ ನೀರಿನಂತೆ ಸುತ್ತಿ ಹೋಗಿರುತ್ತವೆ, ಅವುಗಳನ್ನು ಕಡಿಯಬಾರದು. ಅವಳು ಎರಡು ಹಿಡಿಯ ದೊಡ್ಡ ಕತ್ತಿ ಬದಿಗಿಟ್ಟು ಚಿಕ್ಕ ಅಲಗು ತೆಗೆದುಕೊಂಡಳು. ಗಂಟಿನ ಸುತ್ತ ಬೆರಳಾಡಿಸಿ, ಅಲ್ಲಿ ಪದರವನ್ನು ಸಣ್ಣ ದಿಬ್ಬದಂತೆ ಉಬ್ಬಿದ ಹಾಗೇ ಬಿಟ್ಟಳು. ಪಕ್ಕಗಳಲ್ಲೂ ಆ ಜಾಗಕ್ಕೆ ಮರ ಹೆಚ್ಚಾಗಿ ಉಳಿಸಿದ್ದರಿಂದ ಬಿಲ್ಲು ಅಲ್ಲಿ ಮೊಣಕೈಯಂತೆ ತುಸು ಉಬ್ಬಿ ಮುಂದೆ ಹೋಯಿತು. ನಾರು ಎತ್ತ ಸೊಟ್ಟಗೆ ಹೋಗಿದೆಯೋ ಬಿಲ್ಲಿನ ಅಂಚನ್ನೂ ಅತ್ತಲೇ ಸೊಟ್ಟಗೆ ಒಯ್ದಳು. ತಿರುಚಿದ ಭಾಗವನ್ನು ಕುದಿಯುವ ಪಾತ್ರೆಯ ಹಬೆಗೆ ಹಿಡಿದು, ಮೆತ್ತಗಾದಾಗ ಹಲಗೆಗೆ ಬಿಗಿದು ಕಟ್ಟಿದಳು. ಬಿರುಕಿಗೆ ತೆಳ್ಳಗಿನ ಅಂಟು ಕುಡಿಸಿ ಮೇಲೆ ನೂಲು ಸುತ್ತಿದಳು. ಪ್ರತಿ ಸಲ ಅಲಗು ಎಳೆಯುವ ಮುಂಚೆ ನಿಲ್ಲುವುದು, ಹೆಬ್ಬೆರಳಿನಿಂದ ಸವರುವುದು, ಮತ್ತೆ ಎಳೆಯುವುದು. ತಮ್ಮನ ಹೆಂಡತಿ ಟೀ ತಂದಿಟ್ಟದ್ದು ಆರಿ ಕೆನೆಗಟ್ಟಿತು.

ಕೊನೆಗೆ ಬಿಲ್ಲನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಹೆದೆಗೆ ಹಗ್ಗ ಕಟ್ಟಿ ರಾಟೆಯಿಂದ ಮೆಲ್ಲಗೆ ಎಳೆದಳು. ಎರಡು ತೋಳುಗಳೂ ಒಂದೇ ಸಮನೆ ಬಾಗಿದವು. ನೋಡಲು ಕುರೂಪಿ, ಬಾಗುವುದರಲ್ಲಿ ಅಪ್ಪಟ ಬಿಲ್ಲು. ಬಾಗಿಲಲ್ಲಿ ನಿಂತಿದ್ದ ತಮ್ಮ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಇವನಿಗೇಕೆ ಇಷ್ಟು ಸಮಾಧಾನ? ಅಕ್ಕನ ಕಿವಿ ನೆಟ್ಟಗಾಯಿತು.

ಮರುದಿನ ಅವನು ಗಾಡಿ ತಳ್ಳಿಕೊಂಡು ಹೋದದ್ದೇ ತಡ, ಏಣಿ ಹಾಕಿ ಅಟ್ಟ ಹತ್ತಿದಳು. ಮುಂದೆಲ್ಲ ಗಂಟಿನ ಸೀಳುಗಳು. ಹಿಂದೆ, ಗೋಣಿತಾಟಿನ ಅಡಿಯಲ್ಲಿ, ಒಂದೇ ಒಂದು ಬೇರೆ ತರಹದ್ದು. ತುದಿಯಿಂದ ತುದಿಗೆ ನೆಟ್ಟಗೆ, ಒಂದು ಗಂಟಿಲ್ಲ, ಒಂದು ಸೊಟ್ಟಿಲ್ಲ. ಅಪ್ಪ ಇದ್ದಿದ್ದರೆ ಇಂಥದ್ದನ್ನು ಹೊದಿಸಿ ಮಲಗಿಸುತ್ತಿದ್ದ. ಅವಳು ಅದರ ಮೇಣದ ತುದಿಯಲ್ಲಿ ಕತ್ತಿಯ ಮೊನೆಯಿಂದ ಸಣ್ಣದೊಂದು ಗುರುತು ಹಾಕಿ, ತಾಟು ಮೊದಲಿದ್ದಂತೆಯೇ ಮುಚ್ಚಿ ಇಳಿದಳು. ಆ ವಾರ ಮುಗಿಯುವುದರೊಳಗೆ ಸೀಳು ಮಾಯವಾಗಿತ್ತು. ಅದರ ಜಾಗದಲ್ಲಿ ಹೊಸದಾಗಿ ಎರಡು ಗಂಟುಮೋರೆಯ ಸೀಳುಗಳು ಕೂತಿದ್ದವು.

ಎದುರು ಬೀದಿಯಲ್ಲಿ ಇನ್ನೊಬ್ಬ ಬಿಲ್ಲಿನವನಿದ್ದ. ಬಿಲ್ಲಿಗಿಂತ ಅದರ ಮೇಲಿನ ಹೊಳಪಿಗೇ ಹೆಚ್ಚು ಹೊತ್ತು ಕಳೆಯುತ್ತಾನೆಂದು ಅಕ್ಕ ಅವನಿಗೆ ಪಾಲಿಶಪ್ಪ ಎಂದು ಹೆಸರಿಟ್ಟಿದ್ದಳು. ಅಂಟು ಬೇಕೆಂಬ ನೆಪ ಮಾಡಿಕೊಂಡು ಅವನಲ್ಲಿಗೆ ಹೋದಳು.

"ಓಹೋ, ಅಕ್ಕಾವ್ರು! ಏನಿದು ಅಪರೂಪ?"

"ಅಂಟು ಮುಗ್ದಿತ್ತು. ಒಂದು ಚೂರು ಕೊಡಿ, ನಾಳೆ ವಾಪಸ್ ಕೊಡ್ತೀನಿ."

ಅವನು ಡಬ್ಬಿ ಹುಡುಕುವಷ್ಟರಲ್ಲಿ ಅವಳ ಕಣ್ಣು ಕೋಣೆಯನ್ನೆಲ್ಲ ಸುತ್ತಿ ಬಂತು. ಮೂಲೆಯಲ್ಲಿ ನೆಟ್ಟನೆಯ ಸೀಳುಗಳು ಒರಗಿ ನಿಂತಿದ್ದವು.

"ಚೆನ್ನಾಗಿದೆ ಮರ," ಎಂದು ಹತ್ತಿರ ಹೋಗಿ, ಸುಮ್ಮನೆ ಸವರುವವಳಂತೆ ತುದಿ ಮುಟ್ಟಿದಳು. ಮೇಣದಲ್ಲಿ ಅವಳ ಗುರುತು.

"ಬೆಣ್ಣೆ ಅಕ್ಕಾವ್ರೇ, ಬೆಣ್ಣೆ!" ಎಂದ ಪಾಲಿಶಪ್ಪ. "ಎಲ್ಲಿಂದ ಬಂತು ಅಂತ ಮಾತ್ರ ಕೇಳ್ಬೇಡಿ."

ಅವಳು ಕೇಳಲಿಲ್ಲ. ಇಷ್ಟು ವರ್ಷ ಎಲ್ಲರ ಮೇಲೂ ಅನುಮಾನ ಪಟ್ಟಿದ್ದಳು, ನಿಜ. ಆದರೆ ಅದರಲ್ಲಿ ಮುಕ್ಕಾಲು ಪಾಲು ಅಭ್ಯಾಸ. ತಮ್ಮನ ಮೇಲಿನ ಅನುಮಾನ ಸುಳ್ಳಾಗಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಿದ್ದಳು, ಅದೊಂದೇ ಹೀಗೆ ಕಣ್ಣೆದುರು ನಿಜವಾಗಿ ನಿಂತಿತ್ತು. ಅಂಟಿನ ಡಬ್ಬಿಯನ್ನು ಅಲ್ಲೇ ಮರೆತು ಮನೆಗೆ ಬಂದಳು.

ಬಂದವಳು ಕೂಗಾಡಲಿಲ್ಲ. ಗಾರೆ ಕೆಲಸದವನಿಗೆ ಹೇಳಿ ಕಳಿಸಿದಳು. ಅವನು ಬಂದು ಅಂಗಳದ ನಡುವೆ ಎರಡು ಗೂಟ ಹೊಡೆದು, ಈ ತುದಿಯಿಂದ ಆ ತುದಿಗೆ ದಾರ ಬಿಗಿದ. ಸಂಜೆ ಗಾಡಿ ತಳ್ಳಿಕೊಂಡು ಬಂದ ತಮ್ಮ ಅದಕ್ಕೆ ಎಡವಿ ಮುಗ್ಗರಿಸಿದ.

"ಇದೇನಕ್ಕ ದಾರ?"

"ಗೋಡೆ."

"ಯಾವ ಗೋಡೆ?"

"ನಿನಗೂ ನನಗೂ ಮಧ್ಯೆ. ಆ ಕಡೆ ನಿಂದು, ಈ ಕಡೆ ನಂದು. ಅಡಿಗೆಮನೆ ನೀವೇ ಇಟ್ಕೊಳ್ಳಿ. ನಾನು ಕೆಲಸದ ಕೋಣೇಲೇ ಒಂದು ಒಲೆ ಹೂಡ್ಕೋತೀನಿ."

ತಮ್ಮ ಗಾಡಿಯ ಹಿಡಿಯನ್ನು ಅಲ್ಲೇ ಬಿಟ್ಟ. ಅವನ ಹೆಂಡತಿ ಬಾಗಿಲಿಗೆ ಬಂದು ಒಮ್ಮೆ ದಾರ, ಒಮ್ಮೆ ಅತ್ತಿಗೆಯ ಮುಖ ನೋಡಿದಳು. ಆಮೇಲೆ ಏನೂ ಆಗಿಲ್ಲವೆಂಬಂತೆ ಬಕೆಟ್ಟಿನಿಂದ ಒದ್ದೆ ಟವೆಲ್ಲುಗಳನ್ನು ತೆಗೆದು ಆ ದಾರದ ಮೇಲೆ ಒಣಹಾಕಿದಳು.

"ಅದು ಬಟ್ಟೆ ಹಾಕೋ ದಾರ ಅಲ್ಲಮ್ಮ," ಎಂದ ಗಾರೆಯವನು.

"ಗೋಡೆ ಏಳೋವರೆಗೂ ಒಣಗಲಿ ಬಿಡಿ," ಎಂದಳು ಅವಳು. ಆಮೇಲೆ ಗಂಡನ ಕಡೆ ತಿರುಗಿ, "ಇನ್ನೂ ಬಾಯಿಗೆ ಬೀಗ ಹಾಕ್ಕೊಂಡಿರ್ತೀರಾ? ಹೇಳ್ತೀರೋ, ನಾನೇ ಹೇಳ್ಲೋ?" ಎಂದಳು.

"ಪಾಲಿಶಪ್ಪನ ಅಂಗಡೀಲಿ ನನ್ನ ಗುರುತಿರೋ ಸೀಳು ನೋಡ್ಕೊಂಡು ಬಂದಿದೀನಿ," ಎಂದಳು ಅಕ್ಕ. "ಅದನ್ನ ಅವನಿಗೆ ಕೊಟ್ಟೋನು ನೀನೋ ಅಲ್ವೋ, ಅಷ್ಟು ಹೇಳು."

"ನಾನೇ."

ಅವನು ಅಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ. ಬಾಯಿಬಿಡಿಸಲು ಅವಳು ಸಿದ್ಧಮಾಡಿಕೊಂಡಿದ್ದ ಪ್ರಶ್ನೆಗಳೆಲ್ಲ ವ್ಯರ್ಥವಾದವು.

"ಒಂದು ನೆಟ್ಟಗಿರೋದು ಕೊಟ್ರೆ ಅವನು ಎರಡು ಗಂಟಿಂದು ಕೊಡ್ತಾನೆ," ಎಂದ ತಮ್ಮ. "ಅವನು ಒಲೆಗೆ ಹಾಕ್ತಿದ್ದ ಮರ ಅದು. ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದಾನೆ."

"ನಾನೂ ಹಾಗೇ ಅಂದ್ಕೊಳ್ಳಲಾ?"

ತಮ್ಮ ತನ್ನ ಕೋಣೆಗೆ ಹೋದ. ಮಂಚದ ಅಡಿಯಿಂದ ಹಳೆಯ ಚಾದರದ ಸುರುಳಿಯೊಂದನ್ನು ಎಳೆದು ತಂದು, ಅಕ್ಕನ ಮುಂದೆ ಬಿಚ್ಚಿದ. ಮೂರು ಬಿಲ್ಲುಗಳು. ಮೂರೂ ಅವಳು ಮಾಡಿದವೇ, ನುಣ್ಣನೆಯ ನೆಟ್ಟನೆಯ ಮರದವು, ಕ್ಲಬ್ಬಿನವರ ಕೈ ಸೇರಿವೆ ಎಂದು ಅವಳು ತಿಳಿದಿದ್ದವು.

"ಮೊದಲನೇದನ್ನ ಒಯ್ತಾ ದಾರೀಲಿ ಬಿಸಿಲಿಗೆ ಹಿಡಿದು ನೋಡಿದೆ. ಬೆನ್ನಿನ ಪದರ ಹರಿದಿತ್ತು. ಎಲ್ಲೋ ಒಂದ್ಸಲ ಆಗುತ್ತೆ ಅಂದ್ಕೊಂಡೆ. ಎರಡನೇದೂ ಹಂಗೇ. ಮೂರನೇದೂ."

ಅಕ್ಕ ಚಾದರದ ಮೇಲಿದ್ದ ಬಿಲ್ಲುಗಳನ್ನು ಮತ್ತೆ ಎಣಿಸಿದಳು.

"ಗಂಟು ಇರೋ ಮರ ಕೊಟ್ರೆ ನಿನ್ನ ಕೈ ಇವತ್ತಿಗೂ ತಪ್ಪಲ್ಲ ಅಕ್ಕ. ನಾನು ಒಂದೊಂದನ್ನೂ ನೋಡಿದೀನಿ. ಗಂಟು ಸಿಕ್ರೆ ನಿನ್ನ ಕೈ ನಿಲ್ಲುತ್ತೆ. ಸವರಿ ಸವರಿ ನೋಡ್ತೀಯ, ಚಿಕ್ಕ ಅಲಗು ತಗೋತೀಯ. ನೆಟ್ಟಗಿರೋ ಮರದ ಮೇಲೆ ಕೈ ಓಡಿಬಿಡುತ್ತೆ. ದೊಡ್ಡ ಕತ್ತಿ, ಮೊದಲಿನ ಥರ ಒಂದೇ ಎಳೆತ. ಕೈ ಮೊದಲಿಂದೇ, ಕಣ್ಣು ಮೊದಲಿಂದಲ್ಲ. ಆ ಮೂವರು ಗಿರಾಕಿಗಳಿಗೂ ಆಮೇಲೆ ನೀನು ಮಾಡಿದ ಗಂಟಿನ ಬಿಲ್ಲುಗಳನ್ನೇ ಕೊಟ್ಟೆ. ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಸಾಮಾನ್ಯರಾಗಿದ್ದರೆ ಇಲ್ಲಿ ಕಣ್ಣೀರು ಹಾಕುತ್ತಿದ್ದರು. ಅಕ್ಕ ಒಂದೊಂದೇ ಬಿಲ್ಲನ್ನು ಎತ್ತಿ ಬೆನ್ನು ಸವರಿದಳು, ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು. ಮೂರೂ ನುಣ್ಣಗಿದ್ದವು. ಏನೂ ಕಾಣಲಿಲ್ಲ.

"ಇದನ್ನ ನೀನೇ ಹರಿದಿರಬೋದು," ಎಂದಳು.

"ಅಕ್ಕಾ!"

"ಯಾಕಾಗ್ಬಾರ್ದು? ಕತ್ತಿ ನಿನಗೂ ಸಿಗುತ್ತೆ. ಮರ ಮಾರ್ಕೊಂಡು, ಸಿಕ್ಕಿಬಿದ್ರೆ ತೋರ್ಸೋಕೆ ಇದನ್ನ ಇಟ್ಕೊಂಡಿರಬೋದು. ಆ ಗುರುತಿನ ಸೀಳನ್ನೇ ವಾಪಸ್ ತಗೊಂಡು ಬಾ. ನಿನ್ನ ಕಣ್ಣೆದುರಿಗೇ ಬೆನ್ನು ತೆಗೀತೀನಿ. ಪದರ ಅಖಂಡವಾಗಿ ಬಂತೋ, ಮಾರನೇ ದಿನಾನೇ ಗೋಡೆ ಏಳುತ್ತೆ. ನೀನು ಮಧ್ಯೆ ಬಾಯಿ ಹಾಕ್ಬಾರ್ದು, ಕೈ ಹಾಕ್ಬಾರ್ದು."

ಗಾರೆಯವನು ಕೆಮ್ಮಿದ. "ಹಂಗಾದ್ರೆ ಇಟ್ಟಿಗೆ ತರ್ಸೋದಾ, ಬೇಡ್ವಾ?"

"ನಾಡಿದ್ದು ಬಾ," ಎಂದಳು ಅಕ್ಕ. ತಮ್ಮನ ಹೆಂಡತಿ ಅವನ ಕೈಗೊಂದು ಟೀ ಕೊಟ್ಟು ಕಳಿಸಿದಳು.

ಸೀಳನ್ನು ವಾಪಸು ಕೊಡಲು ಪಾಲಿಶಪ್ಪ ಬಹಳ ಗೊಣಗಿದನಂತೆ. ತಾನು ಕೊಟ್ಟಿದ್ದ ಎರಡು ಗಂಟಿನ ಸೀಳು ಹಿಂದಿರುಗಿದ ಮೇಲೂ, ಈ ಮನೆಯಲ್ಲಿ ಒಬ್ಬರ ತಲೆಯೂ ಸರಿಯಿಲ್ಲ ಎಂದನಂತೆ. ತಮ್ಮ ತಂದಿಟ್ಟ ಕೂಡಲೆ ಅಕ್ಕ ಮೇಣದ ಗುರುತು ಹುಡುಕಿ ನೋಡಿದಳು. ಅದೇ ಸೀಳು. ಮನಸ್ಸಿಗೆ ಸ್ವಲ್ಪ ನಿರಾಸೆಯೂ ಆಯಿತು.

ಬೆಳಗಿನ ಬಿಸಿಲು ಕಿಟಕಿಯಿಂದ ನೇರ ಬೆಂಚಿನ ಮೇಲೆ ಬೀಳುತ್ತಿತ್ತು. ತಮ್ಮ ಮೂಲೆಯ ಸ್ಟೂಲಿನ ಮೇಲೆ ಕೈಕಟ್ಟಿ ಕೂತ, ಪರೀಕ್ಷೆಗೆ ಕೂತ ಹುಡುಗನ ಹಾಗೆ. ಅಕ್ಕ ಸೀಳನ್ನು ಬಿಗಿದು, ತೊಗಟೆ ತೆಗೆದು, ದೊಡ್ಡ ಕತ್ತಿಯ ಎರಡು ಹಿಡಿಗಳನ್ನೂ ಹಿಡಿದು ತನ್ನ ಕಡೆಗೆ ಎಳೆದಳು. ಆಹಾ! ಎಷ್ಟು ದಿನವಾಗಿತ್ತು ಇಂಥ ಮರಕ್ಕೆ ಕೈಯಿಟ್ಟು. ಉದ್ದುದ್ದ ಸುರುಳಿ ಎದ್ದು ಮೊಣಕಾಲ ಮೇಲೆ ಬಿದ್ದವು. ಕತ್ತಿ ಎಲ್ಲೂ ತಡೆಯಲಿಲ್ಲ. ಮೊದಲ ಪದರ ಹೋಯಿತು, ಅದರ ಕೆಳಗಿನದೂ ಹೋಯಿತು. ಅವಳಿಗೆ ಮೈಯೆಲ್ಲ ಹಗುರವಾಯಿತು. ಮೂವತ್ತು ವರ್ಷದ ಹೆಂಗಸಿನಂತೆ ಕೈ ಆಡುತ್ತಿತ್ತು.

"ನೋಡ್ದೇನೋ?" ಎಂದಳು, ತಲೆ ಎತ್ತದೆ. "ಅಪ್ಪ ಎಳೀತಿದ್ದದ್ದೂ ಹಿಂಗೇ. ಮುದುಕಿ ಕೈಲಿ ಆಗಲ್ಲ ಅಂದ್ಕೊಂಡ್ಯಾ? ಹೇಳೋ!"

ಮಾತಾಡಬಾರದೆಂದು ಅವಳೇ ಹೇಳಿದ್ದಳು. ಒಂದು ಹಂತದಲ್ಲಿ ಸ್ಟೂಲು ಕಿರುಗುಟ್ಟಿತು. ಅವನು ಎದ್ದೇಬಿಟ್ಟನೋ ಎಂದು ಅವಳು ನೋಡಿದಳು. ಅವನು ಕೂತೇ ಇದ್ದ, ಕಣ್ಣು ಮಾತ್ರ ನೆಲ ನೋಡುತ್ತಿತ್ತು. ಅದು ನಾಟಕವೂ ಇರಬಹುದು ಎಂದುಕೊಂಡು ಅವಳು ಮತ್ತೆ ಕತ್ತಿ ಎಳೆದಳು.

ಕೊನೆಗೆ ನಿಲ್ಲಿಸಿದಳು. ಸೀಳನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಈ ತುದಿಯಿಂದ ಆ ತುದಿಗೆ ಹೆಬ್ಬೆರಳು ಓಡಿಸಿದಳು. ನುಣುಪು. ಬಿಸಿಲಿಗೆ ಹಿಡಿದಳು. ಇಡೀ ಬೆನ್ನು ಒಂದೇ ಬಣ್ಣ, ಒಂದೇ ಪದರ. ಗೆದ್ದೆ ಎನ್ನಲು ಬಾಯಿ ತೆರೆದವಳು ಹಾಗೇ ಉಳಿದಳು. ಮಂಚದ ಅಡಿಯಿಂದ ಬಂದ ಆ ಮೂರು ಬಿಲ್ಲುಗಳೂ ನಿನ್ನೆ ಅವಳಿಗೆ ಹೀಗೆಯೇ ಕಂಡಿದ್ದವು. ಹೀಗೆಯೇ ನುಣ್ಣಗೆ, ಹೀಗೆಯೇ ಅಖಂಡವಾಗಿ.

ಇನ್ನೊಮ್ಮೆ ಸವರಿದಳು. ಕಣ್ಣು ಕಿರಿದು ಮಾಡಿ ನೋಡಿದಳು. ಹಾಲಿನ ಲೋಟದಲ್ಲೂ ಹುಳುಕು ಕಾಣುತ್ತಿದ್ದವಳಿಗೆ ಈ ಮರದಲ್ಲಿ ಒಂದು ಹುಳುಕೂ ಸಿಗಲಿಲ್ಲ. ಅವಳ ಜೀವಮಾನದಲ್ಲೇ ಮೊದಲ ಸಲ, ಏನೂ ಕಾಣದಿರುವುದಕ್ಕೆ ಅವಳಿಗೆ ಭಯವಾಯಿತು. ನೂಲು ಸುತ್ತಿ, ಹೆದೆ ಕಟ್ಟಿ ಇದನ್ನು ಕ್ಲಬ್ಬಿನ ಯಾವುದಾದರೂ ಹುಡುಗಿಯ ಕೈಗೆ ಕೊಟ್ಟರೆ, ಅವಳು ಕೆನ್ನೆಯವರೆಗೂ ಎಳೆಯುತ್ತಾಳೆ.

"ಬಾ ಇಲ್ಲಿ," ಎಂದಳು. "ನೀನೇ ನೋಡಿ ಹೇಳು."

ತಮ್ಮ ಎದ್ದು ಬಂದು ಕಿಟಕಿಯ ಹತ್ತಿರ ನಿಂತು ನೋಡಿದ. ಅಕ್ಕ ಮರ ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಗೆದ್ದ ಖುಷಿ ಎಳ್ಳಷ್ಟಾದರೂ ಇದ್ದಿದ್ದರೆ ಅವಳು ಹಿಡಿದುಬಿಡುತ್ತಿದ್ದಳು. ಇರಲಿಲ್ಲ.

"ಹರಿದಿದೆ ಅಕ್ಕ," ಎಂದ. "ಮೇಲಿನ ತೋಳಲ್ಲಿ ಒಂದ್ಕಡೆ. ಇಲ್ಲಿ ಕೆಳಗೂ."

"ಎಲ್ಲಿ?"

ಅವನು ಅವಳ ಬೆರಳು ಹಿಡಿದು ಮರದ ಮೇಲೆ ಇಟ್ಟು, ಮೆಲ್ಲಗೆ ಆಚೆ ಈಚೆ ಆಡಿಸಿದ.

"ಇಲ್ಲಿ. ಪದರ ಮುಗಿದು ಕೆಳಗಿಂದು ಶುರುವಾಗುತ್ತೆ ನೋಡು. ಸಿಕ್ತಾ?"

ಬೆರಳಿನ ಕೆಳಗೆ ನುಣ್ಣನೆಯ ಮರವಲ್ಲದೆ ಮತ್ತೇನೂ ಇರಲಿಲ್ಲ. ಅಕ್ಕ ಬೆರಳನ್ನು ಅಲ್ಲೇ ಒತ್ತಿ ಹಿಡಿದು, ತಮ್ಮನ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು.

"ಹೂಂ ಕಣೋ," ಎಂದಳು. "ಸಿಕ್ತು."